ಪ್ರವಾಸಿಗೆ ಗಡಿ ತೆರೆಯಿತು, ಹೆಂಡತಿಗೆ ಇಲ್ಲ

ಮಾನ್ಯ ಸಂಪಾದಕರೇ,

ಕೊರೊನಾದಿಂದಾಗಿ ಭಾರತದಿಂದ ಕೆನಡಾಗೆ ಇರುವ ನೇರ ವಿಮಾನ ನಿಷೇಧ 2021ರ ಸೆಪ್ಟೆಂಬರ್ 21ರವರೆಗೆ ಮುಂದಕ್ಕೆ ಹೋಯಿತು ಎಂಬ ನಿಮ್ಮ ಮಂಗಳವಾರದ ವರದಿಯನ್ನು ನಾನು ಓದಿದ್ದು ಬೆಂಗಳೂರಿನ ಬಸ್ಸಿನಲ್ಲಿ, ಮದ್ದೂರು ದಾಟುವಾಗ. ವಿದ್ಯಾರ್ಥಿಗಳ ಪರದಾಟ ಬರೆದಿದ್ದೀರಿ, ಟಿಕೆಟ್ ದರ ಬರೆದಿದ್ದೀರಿ. ಬರೆಯಬೇಕಾದದ್ದೇ. ಆದರೆ ಮದುವೆಯಾಗಿ ಗಂಡ ಅಲ್ಲಿ, ಹೆಂಡತಿ ಇಲ್ಲಿ ಅಂತ ಆ ದೇಶದ ವೀಸಾಗೆ ಒಂದೂವರೆ ವರ್ಷಕ್ಕಿಂತ ಜಾಸ್ತಿ ಕಾಯುತ್ತಿರುವವರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಬಡಾವಣೆಯಲ್ಲೇ, ನನಗೆ ಗೊತ್ತಿರುವ ಹಾಗೆ, ನಾವು ಮೂರು ಜನ ಇದ್ದೇವೆ. ಅದಕ್ಕೇ ಈ ಪತ್ರ.

ನಿಷೇಧ ಮುಂದುವರಿಸಿದ್ದು ಸೋಮವಾರ, ಆಗಸ್ಟ್ 9ರಂದು. ಅದೇ ದಿನ ಕೊರೊನಾ ಲಸಿಕೆ ಪೂರ್ತಿ ಹಾಕಿಸಿಕೊಂಡ ಅಮೆರಿಕದವರಿಗೆ ಕೆನಡಾ ಗಡಿ ತೆರೆಯಿತು. ಸುಮ್ನೆ ಸುತ್ತಾಡಲು ಬರುವವರಿಗೂ! ಅವರು ಕಾರು ಹತ್ತಿ ನಯಾಗರ ನೋಡಿಕೊಂಡು ಹೋಗಬಹುದು. ನಾನು ಗಂಡನ ಮುಖ ನೋಡಲು ಹೋಗುವಂತಿಲ್ಲ. ಅದರ ಹಿಂದಿನ ದಿನ ಭೀಮನ ಅಮಾವಾಸ್ಯೆ. ಬೆಳಿಗ್ಗೆ ಏಳಕ್ಕೆ ಎದ್ದು, ಫೋನನ್ನು ತಂಬಿಗೆಗೆ ಒರಗಿಸಿಟ್ಟು, ಅಲ್ಲಿ ಶನಿವಾರ ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಸಿ ಬಂದು ಕೂತ ನಮ್ಮ ಮನೆಯವರಿಗೆ ಆರತಿ ಎತ್ತಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. ಆರತಿ ಹಿಡಿದುಕೊಂಡು ಖಾಲಿ ಪರದೆ ಮುಂದೆ ಕಾದೆ. ಮಾರನೇ ದಿನ ಈ ಸುದ್ದಿ.

ನಾನು ಬೆಂಗಳೂರಿಗೆ ಹೊರಟಿದ್ದು ಯಾಕೆ ಅಂದರೆ ಅದೂ ಇದೇ ತಡದ ಫಲ. ವೀಸಾಗೆ ಮಾಡಿಸುವ ಮೆಡಿಕಲ್ 12 ತಿಂಗಳು ಮಾತ್ರ ಚಾಲ್ತಿ. ಕಳೆದ ಆಗಸ್ಟ್‌ನಲ್ಲಿ ಮಾಡಿಸಿದ್ದೆ. ಫೈಲು ಯಾರದೋ ಮೇಜಿನ ಮೇಲೆ ಕೂತು ಕೂತು ಅದರ ಅವಧಿ ಮುಗಿಯಿತು. ತಡ ಮಾಡಿದ್ದು ಅವರು, ಮತ್ತೆ ದುಡ್ಡು ಕಟ್ಟಿದ್ದು ನಾನು. ಅವರ ಪಟ್ಟಿಯಲ್ಲಿರುವ ಡಾಕ್ಟರೇ ಆಗಬೇಕು, ಅದಕ್ಕೆ ಬೆಂಗಳೂರಿನ ಬಸ್ಸು ಹಿಡಿಯಬೇಕು. ಎಕ್ಸ್‌ರೇ ಕೋಣೆಯಲ್ಲಿ ಕೊರಳಲ್ಲಿ ಏನೂ ಇರಬಾರದು ಎಂದರು. ಮಾಂಗಲ್ಯ ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿ ಅಲ್ಲಿದ್ದ ಸ್ಟೀಲ್ ಟ್ರೇನಲ್ಲಿ ಇಟ್ಟೆ. ಹೋದ ವರ್ಷವೂ ಇದೇ ಟ್ರೇ, ಇದೇ ಗಂಟು. ಅಲ್ಲಿನ ಹುಡುಗಿ "ಮೇಡಂ, ಹೋದ ಸಲಾನೂ ನೀವು ಬಂದಿದ್ರಿ ಅಲ್ವಾ?" ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ. ಆದರೆ ನನಗೆ ಅಲ್ಲೇ ಅಳು ಬಂತು. ಎದೆಯನ್ನು ಪ್ಲೇಟಿಗೆ ಒತ್ತಿ, ಉಸಿರು ಹಿಡಿದು ನಿಂತಿರಬೇಕು, ಅಳುವ ಹಾಗೂ ಇಲ್ಲ. ಮದುವೆಯಾದ ಮೇಲೆ ನಾನು ಮಾಂಗಲ್ಯ ಬಿಚ್ಚಿಟ್ಟಿದ್ದು ಈ ಎರಡೇ ಸಲ, ಎರಡು ಸಲವೂ ಗಂಡನ ಹತ್ತಿರ ಹೋಗಲಿಕ್ಕೆಂದೇ.

ನಮ್ಮ ಮದುವೆ 2019ರ ನವೆಂಬರ್‌ನಲ್ಲಿ. ಜೊತೆಗಿದ್ದದ್ದು ಹದಿನೆಂಟು ದಿನ. ಅದರಲ್ಲಿ ನಾಲ್ಕು ದಿನ ಮದುವೆ ನೋಂದಣಿ ಮಾಡಿಸಲು ಹೋಯಿತು. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರು ಮೀಟಿಂಗು, ಒಂದು ದಿನ ಸಾಕ್ಷಿಯವರ ಆಧಾರ್ ಜೆರಾಕ್ಸ್ ಸರಿಯಿಲ್ಲ. ಹೊರಗೆ ನಿಂತಿದ್ದ ಬ್ರೋಕರ್ ಕೈಗೆ ದುಡ್ಡು ಹೋದ ಮೇಲೆ ಅದೇ ಜೆರಾಕ್ಸ್ ಸರಿಯಾಯಿತು. ಹೊಸದಾಗಿ ಮದುವೆಯಾದವರ ನಾಲ್ಕು ದಿನ ತಿಂದವರಿಗೆ ಒಂದಿಷ್ಟೂ ನಾಚಿಕೆ ಬೇಡವಾ? ಪೊಲೀಸ್ ಕ್ಲಿಯರೆನ್ಸ್‌ಗೆ ಮನೆಗೆ ಬಂದವರು ಕಾಫಿ ಕುಡಿದು, ಹೋಗುವಾಗ "ಏನಾದ್ರೂ ನೋಡಿ" ಎಂದು ಬಾಗಿಲಲ್ಲೇ ನಿಂತರು. ನಮ್ಮಪ್ಪ ಪಿಂಚಣಿ ಹಣದಲ್ಲಿ ಕೊಟ್ಟು ಕಳಿಸಿದರು. ಇದನ್ನೆಲ್ಲ ಬರೆಯಬೇಕು ಅಂತಿರಲಿಲ್ಲ, ಬರೆಯುತ್ತಾ ಬರೆಯುತ್ತಾ ಎಲ್ಲ ನೆನಪಾಗುತ್ತಿದೆ.

ಅರ್ಜಿ ಹಾಕಿದ್ದು 2020ರ ಜನವರಿಯಲ್ಲಿ. ಗಂಡ-ಹೆಂಡತಿ ಅರ್ಜಿಗೆ 12 ತಿಂಗಳು ಎಂದು ಆಗ ಅವರೇ ಹೇಳಿಕೊಂಡಿದ್ದ ಲೆಕ್ಕ. ಆ ಮಾತು ನಂಬಿ ನಾನು ಶಾಲೆಯ ಕೆಲಸ ಬಿಟ್ಟೆ. ಮಾರ್ಚ್‌ನಲ್ಲಿ ಕೊರೊನಾ ಬಂತು, ವೀಸಾ ಕೇಂದ್ರಗಳು ಮುಚ್ಚಿದವು, ಬೆರಳಚ್ಚು ಕೊಡಲು ಆಗಲಿಲ್ಲ. ಅದನ್ನು ನಾನು ಒಪ್ಪುತ್ತೇನೆ, ಜಗತ್ತಿಗೇ ಬಂದ ಕಷ್ಟ ಅದು. ಆದರೆ ಆಮೇಲೆ? 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಆಗ ವಲಸೆ ಸಚಿವರಾಗಿದ್ದ ಮಾರ್ಕೊ ಮೆಂಡಿಸಿನೊ ಅವರ ಇಲಾಖೆ ಒಂದು ಘೋಷಣೆ ಮಾಡಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ ಸುಮಾರು 6,000 ಗಂಡ-ಹೆಂಡತಿ ಅರ್ಜಿ ಮುಗಿಸುತ್ತೇವೆ, ವರ್ಷದ ಕೊನೆಗೆ 49,000 ತೀರ್ಮಾನ ಆಗಿರುತ್ತದೆ ಎಂದಿತು. ಆ ರಾತ್ರಿ ನಮ್ಮ ಮನೆಯವರು ಅಲ್ಲಿಂದ ಫೋನ್ ಮಾಡಿ, ಸೂಟ್‌ಕೇಸ್ ತೆಗೆದಿಡು ಎಂದರು. ನಮ್ಮತ್ತೆ ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾಡಿಟ್ಟರು. ವರ್ಷ ಮುಗಿಯಿತು, ಫೈಲು ಅಲ್ಲಾಡಲಿಲ್ಲ. ಸಂಡಿಗೆ ನಾವೇ ಕರಿದು ತಿಂದೆವು.

ನಾವು ನಿಜವಾಗಿ ಗಂಡ-ಹೆಂಡತಿ ಎಂದು ತೋರಿಸಲು ಏನೇನು ಕೊಟ್ಟಿಲ್ಲ! ಲಗ್ನಪತ್ರಿಕೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಿದೆವು. ಧಾರೆ ಫೋಟೊ, ಸಪ್ತಪದಿ ಫೋಟೊ, ಎರಡು ಕಡೆಯ ಬಳಗ ಸಾಲಾಗಿ ನಿಂತ ಫೋಟೊ, ಪ್ರತಿಯೊಂದರ ಹಿಂದೆ ಯಾರು ಯಾರು ಎಂದು ಹೆಸರು ಬರೆದೆವು. ನಾವಿಬ್ಬರೇ ಓದಬೇಕಾದ ವಾಟ್ಸಾಪ್ ಮಾತುಗಳನ್ನು ಪ್ರಿಂಟ್ ತೆಗೆಸಲು ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ, ಅಂಗಡಿಯವರ ಮುಂದೆ ತಲೆ ಎತ್ತಲಾಗಲಿಲ್ಲ. ಇಷ್ಟು ಕೊಟ್ಟ ಮೇಲೂ ಇನ್ನೇನು ನೋಡುತ್ತಿದ್ದಾರೆ?

ಅಷ್ಟು ದಿನ ವಿಸಿಟರ್ ವೀಸಾದಲ್ಲಿ ಹೋಗಿ ಇರಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದನ್ನೂ ಹಾಕಿದೆ. ನೀನು ವಾಪಸ್ ಹೋಗುತ್ತೀಯ ಎಂಬ ನಂಬಿಕೆ ಇಲ್ಲ ಎಂದು ತಿರಸ್ಕಾರವಾಯಿತು. ಅಲ್ಲಾ, ಗಂಡ ಅಲ್ಲಿದ್ದಾರೆ, ಅಲ್ಲೇ ಬಾಳಲು ಅರ್ಜಿ ಹಾಕಿದ್ದೇನೆ ಎಂದು ನಾನೇ ಬರೆದುಕೊಟ್ಟಿದ್ದೇನೆ, ಅದನ್ನೇ ಹಿಡಿದು ಬಾಗಿಲು ಹಾಕಿದರೆ ಏನು ಮಾಡಬೇಕು? ಗಡಿ ಮುಚ್ಚಿದ್ದರೂ 2020ರ ಜೂನ್‌ನಿಂದ ಹತ್ತಿರದ ಕುಟುಂಬದವರು ಬರಬಹುದು ಎಂದು ಕೆನಡಾ ವಿನಾಯಿತಿ ಕೊಟ್ಟಿತು. ಇಂಗ್ಲೆಂಡಿನ ಹೆಂಡತಿಗೆ ಆ ವೀಸಾನೇ ಬೇಡ, ಅವಳು ಹೋದಳು. ನಮಗೆ ವೀಸಾ ಬೇಕು, ವೀಸಾ ಕೊಡುವುದಿಲ್ಲ, ಹಾಗಾಗಿ ವಿನಾಯಿತಿ ಕಾಗದದಲ್ಲೇ ಉಳಿಯಿತು.

ಇನ್ನು ನಮ್ಮ ಸರ್ಕಾರ. ಕೋವಿಶೀಲ್ಡ್ ಲಸಿಕೆಯ ಎರಡನೇ ಡೋಸಿಗೆ 84 ದಿನ ಕಾಯಬೇಕು ಎಂದು 2021ರಲ್ಲಿ ನಿಯಮ ಮಾಡಿದರು. ವಿದೇಶಕ್ಕೆ ಓದಲು ಹೋಗುವವರು, ಕೆಲಸಕ್ಕೆ ಹೋಗುವವರು, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರು 28 ದಿನಕ್ಕೇ ಹಾಕಿಸಿಕೊಳ್ಳಬಹುದು ಎಂದು ಜೂನ್‌ನಲ್ಲಿ ಕೇಂದ್ರದವರು ಆದೇಶ ಮಾಡಿದರು. ಗಂಡನ ಹತ್ತಿರ ಹೋಗುವ ಹೆಂಡತಿ ಆ ಪಟ್ಟಿಯಲ್ಲಿ ಇಲ್ಲ. ಲಸಿಕೆ ಹಾಕುವ ಕಡೆ ಅರ್ಜಿಯ ಕಾಗದ, ಮದುವೆ ಸರ್ಟಿಫಿಕೇಟು ಎಲ್ಲ ತೋರಿಸಿದೆ. "ಆಫರ್ ಲೆಟರ್ ಇದ್ಯಾ?" ಎಂದು ಕೇಳಿದರು. ಮದುವೆಗೆ ಯಾವ ಆಫರ್ ಲೆಟರ್ ತರಲಿ? ದೆಹಲಿಯಲ್ಲಿ ಆದೇಶ ಬರೆಯುವವರ ಮನೆಯಲ್ಲಿ ಯಾರೂ ಮದುವೆಯಾಗಿ ಹೊರದೇಶಕ್ಕೆ ಹೋದವರಿಲ್ಲವಾ? ನನ್ನ ಎರಡನೇ ಡೋಸ್ ಸೆಪ್ಟೆಂಬರ್‌ಗೆ.

ನಾಳೆಯೇ ವೀಸಾ ಬಂತು ಎಂದಿಟ್ಟುಕೊಳ್ಳಿ, ಆಗಲೂ ಈ ನಿಷೇಧ ಇರುವಷ್ಟು ದಿನ ನೇರ ವಿಮಾನ ಇಲ್ಲ. ಬೇರೊಂದು ದೇಶಕ್ಕೆ ಹೋಗಿ, ಅಲ್ಲಿ ಕೋವಿಡ್ ಟೆಸ್ಟ್ ಮಾಡಿಸಿ, ಆ ರಿಪೋರ್ಟ್ ಹಿಡಿದು ಹತ್ತಬೇಕು. ಮೆಕ್ಸಿಕೊ, ಸರ್ಬಿಯಾ ಎಂದು ಏಜೆಂಟ್ ಹೆಸರು ಹೇಳುತ್ತಾರೆ, ನನಗೆ ಮ್ಯಾಪಿನಲ್ಲಿ ಹುಡುಕಬೇಕಾಯಿತು. ಖರ್ಚು ಎರಡೂವರೆ ಲಕ್ಷದ ಮೇಲೆ ಎನ್ನುತ್ತಾರೆ. ಒಬ್ಬಳೇ ಗೊತ್ತಿಲ್ಲದ ದೇಶದಲ್ಲಿ ಇಳಿದು, ಅಲ್ಲಿ ರಿಪೋರ್ಟ್ ಪಾಸಿಟಿವ್ ಬಂದರೆ ನನಗೆ ಯಾರು ದಿಕ್ಕು?

ಬೀದಿಯಲ್ಲಿ ಸಿಕ್ಕವರೆಲ್ಲ "ಇನ್ನೂ ಹೋಗಿಲ್ವಾ?" ಎನ್ನುತ್ತಾರೆ. ಈಗೀಗ ಆ ಪ್ರಶ್ನೆಯ ದನಿಯೇ ಬದಲಾಗಿದೆ, ಹುಡುಗ ಬಿಟ್ಟಿದ್ದಾನೇನೋ ಎಂಬ ಅನುಮಾನ ಅದರಲ್ಲಿ ಕೇಳಿಸುತ್ತದೆ. ನಮ್ಮಮ್ಮ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಈ ನಷ್ಟವನ್ನು ಯಾವ ಇಲಾಖೆ ಕಟ್ಟಿಕೊಡುತ್ತದೆ?

ನಮ್ಮ ವಿದೇಶಾಂಗ ಸಚಿವಾಲಯದವರು ಕೆನಡಾದವರ ಹತ್ತಿರ ಗಟ್ಟಿಯಾಗಿ ಮಾತಾಡಲಿ. ಇಲ್ಲವೇ ಕೆನಡಾದವರೇ ನಮ್ಮ ಫೈಲು ತೆಗೆದು ಹೌದು, ಇಲ್ಲ, ಏನಾದರೊಂದು ಹೇಳಲಿ. ಲಸಿಕೆ ಪಟ್ಟಿಗೆ ಗಂಡ-ಹೆಂಡತಿಯನ್ನೂ ಸೇರಿಸಲಿ. ನಮ್ಮ ಸಂಸದರು ಮೂರು ಮೇಲ್‌ಗೆ ಒಂದಾದರೂ ಉತ್ತರ ಬರೆಯಲಿ, ವೋಟು ಕೇಳಲು ಮಾತ್ರ ನಮ್ಮ ಮನೆ ಗೊತ್ತಿದ್ದರೆ ಸಾಲದು. ಮುಂದಿನ ತಿಂಗಳು ಈ ನಿಷೇಧ ಮತ್ತೆ ಮುಂದಕ್ಕೆ ಹೋದರೆ, ನಿಮ್ಮ ವರದಿಗಾರರು ದಯವಿಟ್ಟು ನಮ್ಮ ಬಡಾವಣೆಗೂ ಬಂದು, ನಮ್ಮನ್ನೂ ಕೇಳಿ ಬರೆಯಲಿ.

ನೊಂದ ಓದುಗರಲ್ಲೊಬ್ಬಳು,
ಕುವೆಂಪುನಗರ, ಮೈಸೂರು