ಕಾಟಾ ಹತ್ತಿಸುವ ಮೊದಲು ಟ್ರೇಲರ್‌ನ ಬೆನ್ನು ನೋಡಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ಇದಕ್ಕೂ ಮೊದಲು ನಿಮಗೆ ಮೂರು ಮನವಿ ಕೊಟ್ಟಿದ್ದೇನೆ. ಎರಡನ್ನು ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಮೂರನೆಯದನ್ನು ಜನತಾ ದರ್ಶನದಲ್ಲಿ ನಿಮ್ಮ ಕೈಗೇ ಕೊಟ್ಟೆ. ಮೂರಕ್ಕೂ ಬಂದ ಉತ್ತರ ಒಂದೇ ಸಾಲು: ‘ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಲಾಗಿದೆ’. ಈಗ ದೀಪಾವಳಿ ಮುಗಿದಿದೆ. ಇನ್ನೇನು ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನ ನಡೆದು ಕಬ್ಬಿನ ಹಂಗಾಮು ಶುರುವಾಗುತ್ತದೆ. ಇನ್ನು ಕಾಯುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲದ ಯಾವ ಟ್ರೇಲರನ್ನೂ ಸಕ್ಕರೆ ಕಾರ್ಖಾನೆಯ ಕಾಟಾ (ಕಬ್ಬಿನ ಗಾಡಿ ತೂಗುವ ವೇಬ್ರಿಜ್) ಮೇಲೆ ಹತ್ತಿಸಬಾರದು ಎಂದು ಆದೇಶ ಮಾಡಿ.

ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ಹೇಳಲೇಬೇಕು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

2025ರ ಜನವರಿ 13ಕ್ಕೆ ಬನದ ಹುಣ್ಣಿಮೆ. ಬಾದಾಮಿ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ಇರುತ್ತದೆ. ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕಿರುತ್ತವೆ. ನಮ್ಮ ಅತ್ತೆಯವರಿಗೆ ಜಾತ್ರೆ ಅಂದರೆ ನಾಟಕ. ಮಾವ ತೀರಿಕೊಂಡ ಮೇಲೆ ಆರು ವರ್ಷ ಅವರು ಆ ಕಡೆ ಹೋಗಿರಲಿಲ್ಲ. ಈ ಸಲ ತಾವಾಗಿಯೇ ಬಾಯಿಬಿಟ್ಟು ಕೇಳಿದರು. ನಮ್ಮ ಮನೆಯವರು ಶನಿವಾರ ಮಧ್ಯಾಹ್ನವೇ ಕಿರಾಣಿ ಅಂಗಡಿಯ ಬಾಗಿಲು ಹಾಕಿದರು. 18ನೇ ತಾರೀಖು ನಮ್ಮ ಹಳೇ ಓಮ್ನಿಯಲ್ಲಿ ಹೊರಟೆವು. ಅತ್ತೆ, ನಾವಿಬ್ಬರು, ಒಂಬತ್ತು ವರ್ಷದ ಮಗಳು. ಬಾದಾಮಿಯಿಂದ ನಮ್ಮೂರು ಎಪ್ಪತ್ತು ಕಿಲೋಮೀಟರ್.

ಹೊಂಡದ ಹತ್ತಿರ ಮರದ ಕೆಳಗೆ ಕೂತು ಊಟ ಮಾಡಿದೆವು. ಬುಟ್ಟಿ ಹೊತ್ತು ಬರುವ ತಾಯಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಪುಟ್ಟ ಗಡಿಗೆಯ ಮೊಸರು. ಅತ್ತೆ ಎರಡು ಗಡಿಗೆ ಮೊಸರು ಖಾಲಿ ಮಾಡಿದರು. ಖಾಲಿ ಗಡಿಗೆಯನ್ನು ಮೊಮ್ಮಗಳು ತೊಳೆದು ಇಟ್ಟುಕೊಂಡಳು. ಆಮೇಲೆ ನಾಟಕ. ಹಾಸ್ಯದ ಪಾತ್ರ ಬಂದಾಗಲೆಲ್ಲ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅಷ್ಟು ನಕ್ಕಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ.

ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಹಿಂದೆ ಕೂತರೆ ಅವರಿಗೆ ವಾಂತಿ ಬರುತ್ತದೆ. ಅದಕ್ಕೇ ಮುಂದೆ, ಎಡಗಡೆ ಕೂರಿಸಿದೆವು. ದಾರಿಯುದ್ದಕ್ಕೂ ಹಳೇ ಕಾಲದ ಮಾತು. ಮೊದಲು ಇದೇ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರಂತೆ, ಎರಡು ದಿನದ ದಾರಿ. ಆವಾಗ ಅಂದ ಮಾತು ಇದು: “ಕಂದೀಲ ಕಟ್ಟದ ನಿಮ್ಮ ಮಾವ ರಾತ್ರಿ ಚಕ್ಕಡಿ ಹೂಡ್ತಿದ್ದಿಲ್ಲ ನೋಡವಾ. ಹಿಂದ ಬರಾವ್ರಿಗೆ ಕಾಣಬೇಕಲ್ಲಾ ಅಂತಿದ್ರು.” ಚಕ್ಕಡಿಯ ಅಚ್ಚಿನ ಕೆಳಗೆ ಕಂದೀಲು ತೂಗಾಡುತ್ತಿದ್ದರೆ ಅದರ ಬೆಳಕಲ್ಲಿ ಗಾಲಿಯ ನೆರಳು ರಸ್ತೆ ಮೇಲೆ ತಿರುಗುತ್ತಿತ್ತಂತೆ. ಅದನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆ ಅಂದರು. ಅದಾಗಿ ಅರ್ಧ ಗಂಟೆ ಆಗಿರಬಹುದು.

ಎದುರಿನಿಂದ ಒಂದು ಲಾರಿ ಹೈ ಬೀಮ್ ಹಾಕಿಕೊಂಡು ಬಂತು. ನಮ್ಮ ಮನೆಯವರು ವೇಗ ಕಡಿಮೆ ಮಾಡಿದರು. ಗಾಡಿ ಐವತ್ತರ ಮೇಲೆ ಇರಲೇ ಇಲ್ಲ. ಲಾರಿ ದಾಟಿತು, ಕಣ್ಣು ಕತ್ತಲೆ ಕಟ್ಟಿತು. ಆಮೇಲೆ ಕಂಡಿದ್ದು ಕಬ್ಬು. ರವದಿಯ, ಅಂದರೆ ಕಬ್ಬಿನ ಒಣ ಗರಿಯ ಬಣ್ಣವೂ ರಸ್ತೆಯ ಧೂಳಿನ ಬಣ್ಣವೂ ಒಂದೇ ಸರ್. ಹತ್ತು ಅಡಿ ಹತ್ತಿರ ಹೋಗುವ ತನಕ ಅದು ಕಬ್ಬು ಅಂತ ಗೊತ್ತಾಗುವುದಿಲ್ಲ.

ಜೋಡಿ ಟ್ರೇಲರ್‌ನ ಟ್ರ್ಯಾಕ್ಟರ್ ಅದು. ಹಿಂದಿನ ಟ್ರೇಲರ್ ಪಂಕ್ಚರ್ ಆಗಿ ಡಾಂಬರಿನ ಮೇಲೆಯೇ ನಿಂತಿತ್ತು. ದೀಪ ಇಲ್ಲ. ರಿಫ್ಲೆಕ್ಟರ್ ಇಲ್ಲ. ನಂಬರ್ ಪ್ಲೇಟೂ ಇಲ್ಲ. ಗಾಲಿಗೆ ನಾಲ್ಕು ಕಲ್ಲು ಕೊಟ್ಟಿದ್ದರು, ಅಷ್ಟೇ. ಓಮ್ನಿಗೆ ಮುಂದೆ ಮೂತಿ ಇರುವುದಿಲ್ಲ. ಹೊರಗೆ ಚಾಚಿದ್ದ ಕಬ್ಬಿನ ತುದಿಗಳು ಎಡಗಡೆಯ ಗಾಜು ಒಡೆದು ನೇರವಾಗಿ ಒಳಗೆ ಬಂದವು.

ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ. ಅತ್ತೆ ಅಲ್ಲೇ ಹೋದರು. ನಮ್ಮ ಮನೆಯವರ ನಾಲ್ಕು ಪಕ್ಕೆಲುಬು ಮುರಿದವು. ಮಗಳ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು, ಈಗಲೂ ರಾಡ್ ಇದೆ. ನನಗೆ ಹಣೆಗೆ ಏಳು ಹೊಲಿಗೆ. ಜಾತ್ರೆಯಿಂದ ಬೈಕಿನಲ್ಲಿ ಬರುತ್ತಿದ್ದ ಇಬ್ಬರು ಹುಡುಗರು ನಿಂತು 108ಕ್ಕೆ ಫೋನ್ ಮಾಡಿದರು, ಮಗಳನ್ನು ಹೊರಗೆ ತೆಗೆದರು. ಪೊಲೀಸರು ಬರುವ ಹೊತ್ತಿಗೆ ಹೊರಟುಬಿಟ್ಟರು. ಸಹಾಯ ಮಾಡಿದವರನ್ನು ಕಾಡಬಾರದು ಎಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದೆ. ಆ ಹುಡುಗರಿಗೆ ಅದು ಗೊತ್ತಿರಲಿಲ್ಲ, ಹೆದರಿದರು. ಅವರ ಹೆಸರೂ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಅವರಿಗೆ ಬನಶಂಕರಿ ಒಳ್ಳೆಯದು ಮಾಡಲಿ.

ಇನ್ನು ಮುಂದಿನದ್ದನ್ನು ನೀವು ಓದಲೇಬೇಕು.

ಎಫ್‌ಐಆರ್ ಆಗಿದ್ದು ನಮ್ಮ ಮನೆಯವರ ಮೇಲೆ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂದು ಬರೆದಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು, ಜೊತೆಗೆ ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ 106. ಅಂದರೆ ತನ್ನ ಹೆತ್ತ ತಾಯಿಯ ಸಾವಿಗೆ ಮಗನೇ ಆರೋಪಿ. ಎದೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮನುಷ್ಯನ ಕೈಗೆ ಪೆನ್ನು ಕೊಟ್ಟು ಸಹಿ ಮಾಡಿಸಿಕೊಂಡರು. ನಾನು ಕೇಳಿದ್ದಕ್ಕೆ ಠಾಣೆಯಲ್ಲಿ ಹೇಳಿದ್ದು: “ಹಿಂದಿಂದ ಗುದ್ದಿದವ್ರದ ತಪ್ಪು ರೀ ಅಕ್ಕಾರ. ಅದು ನಿಂತ ಗಾಡಿ, ಅದೇನ್ ಮಾಡ್ತೈತಿ?”

ನಿಂತ ಗಾಡಿ ಏನು ಮಾಡುತ್ತದೆ ಅಂತ ನಾನು ನೋಡಿದ್ದೇನೆ ಸರ್.

ಹತ್ತನೆಯ ದಿನ ತಮ್ಮನ ಜೊತೆ ಠಾಣೆಗೆ ಹೋದೆ. ಆ ಟ್ರೇಲರ್ ಅಲ್ಲೇ ಬೇವಿನ ಮರದ ಕೆಳಗೆ ನಿಂತಿತ್ತು. ಕಬ್ಬು ಇಳಿಸಿದ್ದರು. ಹಿಂಬದಿಯ ತಗಡಿನ ಮೇಲೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹೊಳೆಯುತ್ತಿತ್ತು. ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ. ನಮ್ಮ ಓಮ್ನಿ ಗುದ್ದಿ ತಗಡು ಒಳಗೆ ಬಗ್ಗಿದ ಜಾಗ ಇದೆಯಲ್ಲ, ಅದರ ಮೇಲೂ ಪಟ್ಟಿ ಅಂಟಿಸಿದ್ದರು. ತಗ್ಗಿನೊಳಗೂ ಪಟ್ಟಿ ನುಣ್ಣಗೆ ಕೂತಿತ್ತು. ಒಂದು ಗೀರಿಲ್ಲ, ಒಂದು ಸೀಳಿಲ್ಲ, ಅಂಚಿನಲ್ಲಿ ಧೂಳೂ ಇಲ್ಲ. ಗುದ್ದುವ ಮೊದಲೇ ಅಲ್ಲಿ ಪಟ್ಟಿ ಇದ್ದಿದ್ದರೆ ಅದು ಹರಿಯಬೇಕಿತ್ತು, ಅಲ್ವಾ? ತಮ್ಮ ಫೋಟೋ ತೆಗೆದ. ಅದನ್ನು ಮೂರೂ ಮನವಿಗಳ ಜೊತೆ ಲಗತ್ತಿಸಿದ್ದೇನೆ. ಒಬ್ಬರಾದರೂ ಆ ಫೋಟೋ ಬಗ್ಗೆ ಒಂದು ಮಾತು ಕೇಳಿಲ್ಲ.

ಸಾವು ಆದ ಮೇಲೆ ಹತ್ತು ದಿನದೊಳಗೆ ಅಂಟಿಸಲು ಸಿಕ್ಕ ಪಟ್ಟಿ ಅದಕ್ಕೂ ಹತ್ತು ದಿನ ಮೊದಲು ಯಾಕೆ ಸಿಗಲಿಲ್ಲ?

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲೇ ಬಂದಿವೆ. ಅದರ 104ನೇ ನಿಯಮ ರಿಫ್ಲೆಕ್ಟರ್‌ದೇ. ವಾಹನವಾಗಲಿ ಟ್ರೇಲರ್ ಆಗಲಿ, ಅಪಾಯವಾಗುವ ಹಾಗೆ ರಸ್ತೆಯಲ್ಲಿ ನಿಲ್ಲಿಸಬಾರದು ಎಂದು ಕಾಯ್ದೆಯ 122ನೇ ಕಲಮಿದೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು. ಹಂಗಾಮಿಗೆ ಮೊದಲು ಕಾರ್ಖಾನೆಯವರನ್ನೂ ರೈತ ಮುಖಂಡರನ್ನೂ ಕೂರಿಸಿ ಸಭೆ ಮಾಡುವವರೂ ನೀವೇ. ಆ ಸಭೆಯಲ್ಲಿ ದರ, ಬಾಕಿ, ತೂಕದ ಮೋಸ ಎಲ್ಲ ಚರ್ಚೆಯಾಗುತ್ತದೆ. ಆಗಬೇಕಾದದ್ದೇ. ಅದೇ ಸಭೆಯಲ್ಲಿ ಇದೊಂದು ಮಾತು ಸೇರಿಸಿ. ದೀಪ, ಪಟ್ಟಿ ಇಲ್ಲದ ಟ್ರೇಲರ್‌ಗೆ ಕಾಟಾ ಇಲ್ಲ.

ಕಾಟಾ ಅಂತ ಯಾಕೆ ಪದೇ ಪದೇ ಹೇಳುತ್ತೇನೆ ಅಂದರೆ, ಪೊಲೀಸರು ನೂರು ರಸ್ತೆ ಕಾಯಲು ಆಗುವುದಿಲ್ಲ. ಆದರೆ ಹಂಗಾಮಿನಲ್ಲಿ ಕಾರ್ಖಾನೆಗೆ ಹೋಗುವ ಪ್ರತಿಯೊಂದು ಟ್ರೇಲರ್ ಕಾಟಾ ಮೇಲೆ ನಿಲ್ಲಲೇಬೇಕು. ತೂಕ ಆಗದೆ ದುಡ್ಡಿಲ್ಲ. ಅಲ್ಲಿ ಒಬ್ಬ ಮನುಷ್ಯ ಟಾರ್ಚ್ ಹಿಡಿದು ಟ್ರೇಲರ್‌ನ ಬೆನ್ನಿಗೆ ಬೆಳಕು ಬಿಟ್ಟರೆ ಸಾಕು. ಹೊಳೆಯಿತೋ, ತೂಕ. ಹೊಳೆಯಲಿಲ್ಲವೋ, ಪಕ್ಕಕ್ಕೆ ನಿಲ್ಲಿಸಿ ಪಟ್ಟಿ ಅಂಟಿಸಿ, ಆಮೇಲೆ ತೂಕ. ಮೊದಲ ವಾರ ಜಗಳ ಆಗಬಹುದು. ಎರಡನೇ ವಾರಕ್ಕೆ ಎಲ್ಲರೂ ಅಂಟಿಸಿಕೊಂಡೇ ಬರುತ್ತಾರೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕಬ್ಬಿನ ಕನಿಷ್ಠ ದರ, ಟನ್ನಿಗೆ 3,400 ರೂಪಾಯಿ. ಒಂದು ಟ್ರೇಲರ್‌ನ ಬೆನ್ನಿಗೆ ಬೇಕಾಗುವ ಪಟ್ಟಿಗೆ ಅಷ್ಟೂ ಬೇಕಾಗಿಲ್ಲ.

ಆ ಜನವರಿ ರಸ್ತೆ ಸುರಕ್ಷತಾ ಮಾಸ. ನಮ್ಮ ಮನೆಯಲ್ಲಿ ಸೂತಕ ಇದ್ದಾಗಲೇ ಪೇಪರಿನಲ್ಲಿ ಫೋಟೋ ಬಂತು. ಅಧಿಕಾರಿಗಳು ಸಾಲಾಗಿ ನಿಂತು ಒಂದು ಟ್ರ್ಯಾಕ್ಟರ್‌ಗೆ ಸ್ಟಿಕರ್ ಅಂಟಿಸುತ್ತಿದ್ದಾರೆ. ಒಂದು ಟ್ರ್ಯಾಕ್ಟರ್‌ಗೆ! ಅದರ ಹಿಂದೆ ಕ್ಯೂನಲ್ಲಿ ನಿಂತಿದ್ದವುಗಳ ಕಡೆ ಯಾರೂ ತಿರುಗಿ ನೋಡಿದ ಹಾಗೆ ಕಾಣಲಿಲ್ಲ. ಆ ಪೇಪರನ್ನು ಓದಿ ನಾನು ಅತ್ತಿದ್ದಕ್ಕಿಂತ ಜಾಸ್ತಿ ನನಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಸಾವಿಗೆ ಅತಿವೇಗ ಕಾರಣ ಎಂದು ಬರೆದಿದ್ದಾರೆ. ನಮ್ಮ ಅತ್ತೆಯೂ 2025ರ ಲೆಕ್ಕದಲ್ಲಿ ಅದೇ ಸಾಲಿಗೆ ಹೋಗುತ್ತಾರೆ. ದೀಪವಿಲ್ಲದ ಟ್ರೇಲರ್ ಅಂತ ಎಫ್‌ಐಆರ್‌ನಲ್ಲಿ ಒಂದು ಅಕ್ಷರವೂ ಇಲ್ಲದ ಮೇಲೆ ಲೆಕ್ಕದಲ್ಲಿ ಎಲ್ಲಿಂದ ಬರಬೇಕು?

ನಾನು ಕಾರ್ಖಾನೆಯ ಹೆಸರು ಬರೆದಿಲ್ಲ, ಠಾಣೆಯ ಹೆಸರೂ ಬರೆದಿಲ್ಲ. ಒಂದು ಕಾರ್ಖಾನೆಯ ಮಾತಲ್ಲ ಇದು. ಆ ಟ್ರ್ಯಾಕ್ಟರ್ ಚಾಲಕನ ಮೇಲೂ ನನಗೆ ಹಗೆ ಇಲ್ಲ. ಮೀಸೆ ಸರಿಯಾಗಿ ಮೂಡದ ಹುಡುಗ. ಪಂಕ್ಚರ್ ತೆಗೆಸಲು ಗಾಲಿ ಹೊತ್ತು ಊರಿಗೆ ಹೋಗಿದ್ದನಂತೆ. ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲವಂತೆ.

ನಮ್ಮದೂ ಎರಡು ಎಕರೆ ಕಬ್ಬಿದೆ. ಹೋದ ವರ್ಷ ಡಿಸೆಂಬರಿನಲ್ಲಿ ಗ್ಯಾಂಗಿನವರು ಕಡಿದು ಹೇರಿಕೊಂಡು ಹೋದರು. ರಾತ್ರಿ ಎಂಟಕ್ಕೆ ಟ್ರೇಲರ್ ಹೊಲ ಬಿಟ್ಟಿತು. ನಾನೇ ಅವರಿಗೆ ಚಹಾ ಕೊಟ್ಟು ಕಳಿಸಿದೆ. ಅದರ ಹಿಂದೆ ದೀಪ ಇತ್ತಾ? ಪಟ್ಟಿ ಇತ್ತಾ? ನನಗೆ ನೆನಪಿಲ್ಲ, ಯಾಕಂದರೆ ನಾನು ನೋಡಲೇ ಇಲ್ಲ. ಹತ್ತು ತಿಂಗಳಿಂದ ನಿದ್ದೆ ಬಾರದ ರಾತ್ರಿಯಲ್ಲಿ ಇದೇ ಯೋಚನೆ. ರೈತರು ನೋಡುವುದಿಲ್ಲ, ಗ್ಯಾಂಗಿನವರು ನೋಡುವುದಿಲ್ಲ, ಮಾಲೀಕರು ನೋಡುವುದಿಲ್ಲ. ಅದಕ್ಕೇ ಯಾರಾದರೂ ಒಬ್ಬರು ಕಡ್ಡಾಯವಾಗಿ ನೋಡುವ ಹಾಗೆ ಮಾಡಿ ಅಂತ ಕೇಳುತ್ತಿರುವುದು. ಆ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ. ನನ್ನ ಕೈಯಲ್ಲಿ ಇದ್ದಿದ್ದರೆ ಇಷ್ಟು ದಿನ ಬೇಕಾಗುತ್ತಿರಲಿಲ್ಲ.

ನಮ್ಮ ಮನೆಯವರ ಕೇಸು ನ್ಯಾಯಾಲಯದಲ್ಲಿದೆ. ಅದರಲ್ಲಿ ನೀವು ಏನೂ ಮಾಡಲು ಬರುವುದಿಲ್ಲ ಅಂತ ಗೊತ್ತು, ಕೇಳುವುದೂ ಇಲ್ಲ. ವಕೀಲರು ಫೋಟೋ ಇಟ್ಟುಕೊಂಡಿದ್ದಾರೆ. ನಮ್ಮ ಮನೆಯವರು ಈಗ ಅಂಗಡಿಯಲ್ಲಿ ಕೂರುತ್ತಾರೆ. ಕತ್ತಲಾದ ಮೇಲೆ ಗಾಡಿ ಮುಟ್ಟುವುದಿಲ್ಲ. ‘ನಾನೇ ಹೋಗೋಣ ಅಂದಿದ್ದು’ ಎಂದು ಒಮ್ಮೊಮ್ಮೆ ಸುಮ್ನೆ ಕೂತಲ್ಲೇ ಅನ್ನುತ್ತಾರೆ. ಮಗಳು ಆ ಮೊಸರಿನ ಗಡಿಗೆಯಲ್ಲಿ ಪೆನ್ಸಿಲ್ ಇಟ್ಟುಕೊಂಡಿದ್ದಾಳೆ. ಅದು ಹಿಂದಿನ ಸೀಟಿನಲ್ಲಿ ಅವಳ ಮಡಿಲಲ್ಲಿತ್ತು, ಒಡೆದಿರಲಿಲ್ಲ.

2026ರ ಜನವರಿ 3ಕ್ಕೆ ಮತ್ತೆ ಬನದ ಹುಣ್ಣಿಮೆ. ಜನ ಮತ್ತೆ ಓಮ್ನಿ, ಟಂಟಂ, ಬೈಕು ಹತ್ತಿ ಜಾತ್ರೆಗೆ ಹೋಗುತ್ತಾರೆ. ನಾಟಕ ನೋಡಿ ರಾತ್ರಿಯೇ ತಿರುಗಿ ಬರುತ್ತಾರೆ. ಅದೇ ರಸ್ತೆಗಳಲ್ಲಿ ಕಬ್ಬಿನ ಟ್ರೇಲರ್‌ಗಳು ಇರುತ್ತವೆ. ಅಷ್ಟರೊಳಗೆ ಆದೇಶ ಆಗಬೇಕು. ಹಿಂದೆ ಕೆಂಪು ದೀಪ, ಕೆಂಪು ಪಟ್ಟಿ. ಇಲ್ಲದಿದ್ದರೆ ಕಾಟಾ ಇಲ್ಲ.

ಆದೇಶ ಮಾಡಿದ ಮೇಲೆ ಒಂದು ರಾತ್ರಿ ನೀವೇ ಬನ್ನಿ. ಸರ್ಕಾರಿ ಕಾರು ಬೇಡ, ಮುಂಚೆ ಫೋನ್ ಮಾಡಿಸುವುದೂ ಬೇಡ. ರಾತ್ರಿ ಹನ್ನೊಂದರ ಮೇಲೆ ಯಾವುದಾದರೂ ಕಾರ್ಖಾನೆಯ ರಸ್ತೆಯಲ್ಲಿ ಒಂದು ಟಾರ್ಚ್ ಹಿಡಿದು ನಿಲ್ಲಿ. ನಾನೂ ಬಂದು ನಿಮ್ಮ ಜೊತೆ ನಿಲ್ಲುತ್ತೇನೆ. ನನ್ನ ಫೋನ್ ನಂಬರು ಮೂರೂ ಮನವಿಯಲ್ಲಿದೆ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಕಬ್ಬು ಬೆಳೆಗಾರರ ಮನೆಯ ಸೊಸೆ