ಫೋಟೋ ಕೆಳಗೆ ಒಂದು ಸಾಲು ಇರ್ಲಿ

ಮಾನ್ಯ ಸಂಪಾದಕರೇ,

ಆಗಸ್ಟ್ 15 ಹತ್ರ ಬಂತು ಅಂದ್ರೆ ಶಾಲೆಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಫೋಟೋಗಳ ಧೂಳು ಒರೆಸಿ ಹಾರ ಹಾಕ್ತಾರೆ, ಅದರ ಜೊತೆಗೇ ಭಗತ್ ಸಿಂಗ್ ಹಾಕ್ತಿದ್ದದ್ದು ಹ್ಯಾಟಾ ಪೇಟಾನಾ ಅಂತ ವಾಟ್ಸಾಪ್‌ನಲ್ಲಿ ಜಗಳಾನೂ ಶುರುವಾಗುತ್ತೆ. ಎರಡೂ ನಿಜಾನೇ. ಲಾಹೋರಿನ ಕಾಲೇಜಿನ ಗ್ರೂಪ್ ಫೋಟೋದಲ್ಲಿ ಪೇಟ ಇದೆ, ಹ್ಯಾಟಿನ ಫೋಟೋ 1929ರ ಏಪ್ರಿಲ್‌ದು, ಅಸೆಂಬ್ಲಿಯಲ್ಲಿ ಬಾಂಬ್ ಹಾಕೋಕೆ ಕೆಲವೇ ದಿನ ಮುಂಚೆ ದೆಹಲಿ ಕಾಶ್ಮೀರಿ ಗೇಟ್‌ನ ಒಂದು ಸ್ಟುಡಿಯೋಗೆ ತಾನೇ ಹೋಗಿ ತೆಗೆಸ್ಕೊಂಡಿದ್ದು. ಪೋಸ್ಟರ್‌ಗಳಲ್ಲಿ ಕಾಣೋ ಹಳದಿ ಪೇಟ ಮಾತ್ರ ಕಲಾವಿದರದ್ದು, ಅಂಥ ಫೋಟೋನೇ ಇಲ್ಲ.

ನಂಗೆ ಬೇಜಾರಾಗೋದು ಬಣ್ಣದ ಬಗ್ಗೆ ಅಲ್ಲ. ಸಿಕ್ಕಿಬೀಳ್ತೀನಿ, ಆಮೇಲೆ ಈ ಮುಖ ಪೇಪರ್‌ನಲ್ಲಿ ಬರ್ಬೇಕು ಅಂತ ಲೆಕ್ಕ ಹಾಕಿ ಕ್ಯಾಮೆರಾ ಮುಂದೆ ಕೂತ 21 ವರ್ಷದ ಹುಡುಗ ಅವನು. ದೇಶ ತನ್ನನ್ನ ಹೇಗೆ ನೋಡ್ಬೇಕು ಅಂತ ಅವನೇ ತೀರ್ಮಾನ ಮಾಡಿದ್ದ, ನಾವು ಅದನ್ನ ಬದಲಾಯಿಸಿ ಅವನ ಜಾಣತನಾನೇ ಅಳಿಸಿಬಿಟ್ವಿ.

ಇನ್ನು ಕಿತ್ತೂರು ಚೆನ್ನಮ್ಮ. ತೀರಿಕೊಂಡಿದ್ದು 1829ರಲ್ಲಿ, ಫೋಟೋ ತೆಗೆಯೋ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದೇ 1839ರಲ್ಲಿ! ಸಂಗೊಳ್ಳಿ ರಾಯಣ್ಣಂದೂ ಅದೇ ಕತೆ, ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರಲ್ಲಿ. ಕುದುರೆ, ಕತ್ತಿ, ಮೀಸೆ ಎಲ್ಲಾ ಕಲಾವಿದರ ಕಲ್ಪನೆ, ಅದ್ರಲ್ಲಿ ತಪ್ಪೇನಿಲ್ಲ ಬಿಡಿ, ಮುಖ ಇಲ್ದೆ ಜನ ಯಾರನ್ನೂ ನಮ್ಮವ್ರು ಅಂದ್ಕೊಳ್ಳಲ್ಲ. 1961ರಲ್ಲಿ ಬಿ. ಸರೋಜಾದೇವಿ ಸಿನಿಮಾದಲ್ಲಿ ಚೆನ್ನಮ್ಮನ ಪಾತ್ರ ಮಾಡಿದ್ಮೇಲೆ ಎಷ್ಟೋ ಜನಕ್ಕೆ ಚೆನ್ನಮ್ಮ ಅಂದ್ರೆ ಅವರ ಮುಖಾನೇ.

ನೋಟಿನ ಮೇಲಿನ ಗಾಂಧೀಜಿ ಚಿತ್ರಾನೂ ಹಂಗೇ ನೋಡಿ. ಅದು 1946ರ ಫೋಟೋ, ಪಕ್ಕದಲ್ಲಿ ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಇದ್ರು, ಅವರನ್ನ ಕಟ್ ಮಾಡಿ ನಗುಮುಖ ಒಂದೇ ಉಳಿಸ್ಕೊಂಡಿದ್ದಾರೆ. ಸ್ವಾತಂತ್ರ್ಯ ಬಂದಾಗ ರಾಜನ ಚಿತ್ರದ ಜಾಗಕ್ಕೆ ಗಾಂಧೀಜಿ ಚಿತ್ರ ಹಾಕೋ ಯೋಚನೆ ಇತ್ತು, ಕೊನೆಗೆ ಗೆದ್ದಿದ್ದು ಸಾರನಾಥದ ಸಿಂಹಗಳು. ಗಾಂಧೀಜಿ ಮೊದಲು ನೋಟಿಗೆ ಬಂದಿದ್ದು 1969ರಲ್ಲಿ, ಶತಮಾನೋತ್ಸವಕ್ಕೆ, ಈಗ ನಮ್ಗೆ ಗೊತ್ತಿರೋ ಸೀರೀಸ್ ಶುರುವಾಗಿದ್ದು 1996ರಲ್ಲಿ. ಅಂದ್ರೆ ರಾಷ್ಟ್ರದ ಮುಖ ಯಾವುದು ಅನ್ನೋದು ಮೇಲಿಂದ ಉದುರಿದ್ದಲ್ಲ, ಯಾರೋ ಕೂತು ಆರಿಸಿದ್ದು, ಮತ್ತೆ ಬದಲಾಯಿಸಿದ್ದು.

ಅದಕ್ಕೇ ಶಿಕ್ಷಣ ಇಲಾಖೆಗೆ ಒಂದು ಮನವಿ. ಶಾಲೆಗಳ ಫೋಟೋ ಕೆಳಗೆ ಹೆಸರು, ಹುಟ್ಟಿದ ದಿನ ಮಾತ್ರ ಸಾಲ್ದು, ಇದು ಫೋಟೋನಾ ಕಲ್ಪನೆಯ ಚಿತ್ರಾನಾ, ಫೋಟೋ ಆದ್ರೆ ಯಾವಾಗಿಂದು ಅಂತ ಒಂದು ಸಾಲು ಬರೆಸಿ. ಖರ್ಚೇನೂ ಇಲ್ಲ, ಒಂದು ಸ್ಟಿಕ್ಕರ್ ಸಾಕು. ಹಾಗೇ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದು 1943ರಲ್ಲಿ ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಫೋಟೋಗೂ ಆ ಫೋಟೋಗಳ ಪಕ್ಕ ಒಂದು ಮೊಳೆ ಹೊಡೀರಿ, ಅವರನ್ನ ಹಾವೇರಿ ಜಿಲ್ಲೆಗಷ್ಟೇ ಬಿಡಬೇಡಿ.

– ನಿಮ್ಮ ಓದುಗ