ಕಕ್ಕಡ ತಿಂಗಳಲ್ಲಿ ಖಾಲಿ ಬೀಳೋ ಮಂಟಪಗಳನ್ನ ವಾಕಿಂಗ್‌ಗೆ ಬಿಡಿ

ಸಂಪಾದಕರಿಗೆ ನಮಸ್ಕಾರ,

ಕೊಡಗಿನವರು ಗಟ್ಟಿ ಜನ, ತೋಟ ಸುತ್ತೋರು, ಹಾಕಿ ಆಡೋರು, ನಮಗ್ಯಾಕೆ ಬೇರೆ ವ್ಯಾಯಾಮ ಅನ್ನೋ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನಿಜ ಹೇಳಿ, ಈಗ ತೋಟ ಸುತ್ತೋರು ಯಾರು? ಸಾಹುಕಾರ್ರು ಜೀಪಲ್ಲಿ ಕಣದ ತನಕ ಹೋಗಿ ರೈಟರ್ ಹತ್ರ ಲೆಕ್ಕ ಕೇಳ್ಕೊಂಡು ವಾಪಸ್ ಬರ್ತಾರೆ, ಗಿಡದ ಕೊಂಬೆ ಕಪಾತು ಮಾಡೋದು, ಕಾಫಿ ಕುಯ್ದು ಮೂಟೆ ಹೊರೋದು ಎಲ್ಲಾ ಲೈನ್‌ಮನೆಯವರು, ಅಂದ್ರೆ ತೋಟದ ಸಾಲುಮನೆಗಳಲ್ಲಿರೋ ಕೆಲಸದವರು. 1997ರಲ್ಲಿ ಕರಡದಲ್ಲಿ ಶುರುವಾದ ಕುಟುಂಬಗಳ ಹಾಕಿ ಹಬ್ಬ ನಮ್ಮ ಹೆಮ್ಮೆ ಸರಿ, ಆದ್ರೆ ನಲವತ್ತು ದಾಟಿದ ನಾವು ಹೆಚ್ಚಿನವ್ರು ಗ್ಯಾಲರೀಲಿ ಕೂತು ಕೂಗೋರೇ.

ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ, ಇಲ್ಲಾಂದ್ರೆ 75ರಿಂದ 150 ನಿಮಿಷ ಓಟದಂಥ ಜೋರಿನದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ನಡೀತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು, ಅದೇ ಬಿರುಸು. ಅಂಗಡಿಗೆ ಹೋಗಿ ನಾಲ್ಕು ಜನರತ್ರ ನಿಂತು ಮಾತಾಡಿ ಬರೋದು ಲೆಕ್ಕಕ್ಕಿಲ್ಲ! ಆ ಸಂಸ್ಥೆಯವರು ಸೇರಿ ಮಾಡಿದ ಅಧ್ಯಯನ 2024ರಲ್ಲಿ ಬಂತು, ಅದರ ಪ್ರಕಾರ 2022ರಲ್ಲಿ ನಮ್ಮ ದೇಶದ ಹೆಂಗಸರಲ್ಲಿ ಸುಮಾರು ಶೇ. 57, ಗಂಡಸರಲ್ಲಿ ಶೇ. 42 ಜನ ಈ ಕನಿಷ್ಠಾನೂ ಮುಟ್ಟಿಲ್ಲ.

ಶುಗರ್, ಬಿಪಿಗೆ ವಾಕಿಂಗ್ ಅಂದ್ರೆ ಎಲ್ರೂ ತಲೆ ಆಡಿಸ್ತಾರೆ, ಕ್ಯಾನ್ಸರ್‌ಗೂ ಅಂದ್ರೆ ನಗ್ತಾರೆ. ದೊಡ್ಡ ಕರುಳು, ಸ್ತನ, ಗರ್ಭಕೋಶದ ಒಳಪದರ, ಮೂತ್ರಪಿಂಡ ಹೀಗೆ ಹಲವು ಕ್ಯಾನ್ಸರ್‌ಗಳ ಅಪಾಯ ಚಟುವಟಿಕೆ ಇರೋರಲ್ಲಿ ಕಮ್ಮಿ ಅಂತ ಸಾಕಷ್ಟು ಪುರಾವೆ ಇದೆ. ಮೈ ಆಡಿಸಿದ್ರೆ ರಕ್ತದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತೆ, ಒಳಗಿನ ಉರಿಯೂತ ತಗ್ಗುತ್ತೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೊಬ್ಬಿನಿಂದಲೇ ಈಸ್ಟ್ರೋಜನ್ ತಯಾರಾಗೋದ್ರಿಂದ ಕೊಬ್ಬು ಕರಗಿದ್ರೆ ಅದೂ ಕಮ್ಮಿ ಆಗುತ್ತೆ. ಹಾಗಂತ ನಡೆದೋರಿಗೆ ಕ್ಯಾನ್ಸರ್ ಬರೋದೇ ಇಲ್ಲ ಅಂತಲ್ಲ, ಬೆಳಿಗ್ಗೆ ವಾಕಿಂಗ್ ಮಾಡಿ ಸಾಯಂಕಾಲ ಬಾಟ್ಲಿ ತೆಗೆದ್ರೆ ಆ ಲೆಕ್ಕ ಬೇರೆ, ಕುಡಿತವೂ ಕ್ಯಾನ್ಸರ್ ತರುತ್ತೆ. (ನಮ್ಮೂರಲ್ಲಿ ಇದನ್ನ ಹೇಳಿದ್ರೆ ಮದುವೆಗೆ ಕರೆಯಲ್ಲ, ಆದ್ರೂ ಹೇಳಿದೀನಿ.)

ಈಗ ಅಸಲು ವಿಷ್ಯ. ಇಲ್ಲಿ ನಡೆಯೋಣ ಅಂದ್ರೂ ಜಾಗ ಎಲ್ಲಿದೆ? ಬೆಳಿಗ್ಗೆ ಆರಕ್ಕೆ ತೋಟದ ರಸ್ತೇಲಿ ಆನೆ ಭಯ, ಟೌನ್ ರಸ್ತೇಲಿ ಫುಟ್‌ಪಾತ್ ಇಲ್ಲ, ಇದ್ರೂ ಅದರ ಮೇಲೆ ಬೈಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಅಂತೂ ಕೇಳೋದೇ ಬೇಡ, ಛತ್ರಿ ಹಿಡ್ಕೊಂಡು ಬಿರುಸಾಗಿ ನಡೆಯೋಕೆ ಆಗುತ್ತಾ. ಬೇಸಿಗೇಲಿ ಬೆಳೆಸ್ಕೊಂಡ ಅಭ್ಯಾಸ ಮಳೇಲಿ ಬಿಟ್ಟುಹೋದ್ರೆ ಮತ್ತೆ ಶುರು ಮಾಡೋಕೆ ಸುಗ್ಗಿ ಹಬ್ಬ ಹುತ್ತರಿ ಬರಬೇಕು. ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಬರೋ ನಮ್ಮ ತಿಂಗಳು) ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಆರೋಗ್ಯಕ್ಕೆ ಅಂತ ತಪ್ಪದೆ ತಿಂತೀವಿ, ಅದು ವರ್ಷಕ್ಕೊಂದು ದಿನ.

ಅದೇ ಕಕ್ಕಡದಲ್ಲಿ ಮದುವೆ ಇರಲ್ಲ, ಊರೂರಿನ ಸಮಾಜಗಳ (ಜನಾಂಗದ ಸಂಘಗಳ) ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರ್ತವೆ. ಅಷ್ಟು ದೊಡ್ಡ ಹಾಲ್, ಮೇಲೆ ಸೂರು, ಸುತ್ತ ವರಾಂಡ. ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ ಬಾಗಿಲು ತೆಗೀಲಿ, ಸಾಯಂಕಾಲದ್ದು ಹೆಂಗಸರಿಗೆ ಅಂತಲೇ ಇರಲಿ, ಲೈನ್‌ಮನೆಯವರು ಬಂದ್ರೂ ಬೇಡ ಅನ್ನಬಾರದು. ಕರೆಂಟ್ ಬಿಲ್ಲು, ಗುಡಿಸೋರ ಕೂಲಿಗೆ ತಿಂಗಳಿಗೆ ಇಷ್ಟು ಅಂತ ಕೊಡೋಕೆ ನಾವು ತಯಾರು. ಸಮಾಜಗಳ ಆಡಳಿತ ಮಂಡಳಿಯವರು ಈ ಮಳೆಗಾಲದ ಮುಂಚೆ ಒಂದು ಮೀಟಿಂಗ್ ಕರೀಲಿ, ಕೀ ಇಟ್ಕೊಳ್ಳೋ ಜವಾಬ್ದಾರಿ ಬೇಕಾದ್ರೆ ನಾನೇ ತಗೊಳ್ತೀನಿ.

– ಒಬ್ಬ ಓದುಗ, ಗೋಣಿಕೊಪ್ಪ